ಪಂಜರದ ಬಡ್ಜಿ ಗಿಳಿಗೆ ಹಸಿ ಸೊಪ್ಪು ತರಕಾರಿಗಳನ್ನು ರೂಢಿಮಾಡಿಸುವ ಕ್ರಮ

ನವಣೆಯು ಬಯಲುಸೀಮೆಯ ಒಕ್ಕಲಿಗರಿಗೆ ಹೊಸ ಧಾನ್ಯವಲ್ಲ. ಅಲ್ಪ ಮಳೆಯಲ್ಲಿಯೇ ಫಲಕ್ಕೆ ಬಂದು ಅನ್ನಕ್ಕೂ ಹುಗ್ಗಿಗೂ ಒದಗುವ ಈ ಧಾನ್ಯಕ್ಕೆ ಪಟ್ಟಣಗಳಲ್ಲಿ ಇನ್ನೊಂದು ಬಗೆಯ ಗಿರಾಕಿಯೂ ಉಂಟು. ಆ ಗಿರಾಕಿಯು ಮನುಷ್ಯನಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಹಸುರು, ಹಳದಿ, ನೀಲಿ ಬಣ್ಣಗಳಲ್ಲಿ ದೊರೆಯುವ, ಹಗಲೆಲ್ಲ ಉಲಿಯುತ್ತಿರುವ ಒಂದು ಗಿಳಿ. ಅಂಗಡಿಗಳಲ್ಲಿ ಇದನ್ನು 'ಲವ್ ಬರ್ಡ್ಸ್' ಎಂದು ಕರೆದು ಮಾರುವ ವಾಡಿಕೆಯಿದ್ದರೂ ಅದು ತಪ್ಪು ಹೆಸರು. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ ಬೇರೊಂದು ಜಾತಿಗೆ ಸೇರಿದ್ದು. ಇದರ ಸರಿಯಾದ ಹೆಸರು ಬಡ್ಜರಿಗಾರ್, ಬಳಕೆಯಲ್ಲಿ ಬಡ್ಜಿ.

ಮಕ್ಕಳ ಹಟಕ್ಕಾಗಿ ಪಟ್ಟಣದಿಂದ ತಂದ ಒಂದು ಜೊತೆ ಬಡ್ಜಿಗಳ ಪಂಜರವು ಈಗ ಹಳ್ಳಿಯ ಮನೆಗಳ ಜಗಲಿಗಳಲ್ಲಿಯೂ ತೂಗುತ್ತಿರುವುದುಂಟು. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಸಂಗತಿಯೇನೆಂದರೆ, ಪಂಜರದ ಬಟ್ಟಲಿನಲ್ಲಿ ವರ್ಷವಿಡೀ ನವಣೆಯು ತುಂಬಿರುತ್ತದೆ. ಹತ್ತು ಹೆಜ್ಜೆಯಾಚೆ ಹಿತ್ತಲಿನಲ್ಲಿ ನುಗ್ಗೆಯ ಮರವೂ, ಕೊತ್ತಂಬರಿ ಮೆಂತ್ಯಗಳ ಮಡಿಯೂ ಹಸುರಾಗಿ ನಿಂತಿರುತ್ತವೆ. ಒಂದು ದಿನ ಮನೆಯವರಾರೋ ಒಂದೆಳೆ ಕೊತ್ತಂಬರಿಯನ್ನು ಪಂಜರದೊಳಕ್ಕೆ ತೂರಿಸುತ್ತಾರೆ. ಹಕ್ಕಿಯು ಬೆದರಿ ಮೂಲೆಗೆ ಸರಿಯುತ್ತದೆ. ಸಂಜೆಯ ವೇಳೆಗೆ ಸೊಪ್ಪು ಬಾಡುತ್ತದೆ. 'ಇದಕ್ಕೆ ಸೊಪ್ಪು ಸೇರದು' ಎಂಬ ತೀರ್ಮಾನವಾಗಿ, ಅಂದಿನಿಂದ ನವಣೆಯೊಂದೇ ಅದರ ಗತಿಯಾಗುತ್ತದೆ. ಮೂರು ನಾಲ್ಕು ವರ್ಷಗಳ ತರುವಾಯ ಒಂದು ಬೆಳಿಗ್ಗೆ ಹಕ್ಕಿಯು ಪಂಜರದ ತಳದಲ್ಲಿ ಸತ್ತು ಬಿದ್ದಿರುತ್ತದೆ. ದೃಷ್ಟಿ ತಾಕಿತೆಂದೋ, ಬೆಕ್ಕನ್ನು ಕಂಡು ಎದೆಯೊಡೆಯಿತೆಂದೋ ಮನೆಯವರು ಹೇಳಿಕೊಳ್ಳುತ್ತಾರೆ. ತಕ್ಕ ಆಹಾರ ದೊರೆತರೆ ಎಂಟು ಹತ್ತು ವರ್ಷ ಬಾಳಬಲ್ಲ ಪ್ರಾಣಿಯು ಹೀಗೆ ಅರ್ಧಾಯುಷ್ಯದಲ್ಲಿ ಹೋಗುವುದಕ್ಕೆ ಅನೇಕ ವೇಳೆ ಕಾರಣವಾಗುವುದು ಆ ತೀರ್ಮಾನವೇ. ಸೊಪ್ಪು ಹಕ್ಕಿಗೆ ಸೇರದೆ ಹೋಗಲಿಲ್ಲ. ಅದು ಆಹಾರವೆಂಬುದು ಹಕ್ಕಿಗೆ ತಿಳಿಯದೆ ಹೋಯಿತು. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಮನಗಂಡರೆ ಉಳಿದ ಕೆಲಸವು ತಾಳ್ಮೆಯದು ಮಾತ್ರ.

ಬಡ್ಜಿಯ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಹುಲ್ಲುಗಾವಲು. ಈ ಪಕ್ಷಿಯನ್ನು ಇಂಗ್ಲೆಂಡಿನ ವಿದ್ವಾಂಸ ಜಾರ್ಜ್ ಷಾ ಎಂಬವರು 1805ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. ಪಕ್ಷಿಶಾಸ್ತ್ರಜ್ಞ ಜಾನ್ ಗೋಲ್ಡ್ ಎಂಬವರು 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದರು. ಅಲ್ಲಿಂದೀಚೆಗೆ ಪಂಜರದಲ್ಲಿಯೇ ತಲೆತಲಾಂತರವಾಗಿ ಮರಿಮಾಡುತ್ತ ಬಂದುದರಿಂದ ಇದು ಕೋಳಿಯಂತೆಯೇ ಸಾಕುಹಕ್ಕಿಯಾಗಿದೆ. ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಅಪರಾಧವೆಂಬುದನ್ನು ಗ್ರಾಮದ ಮುಖಂಡರು ಮರೆಯಬಾರದು. ಪೊಟರೆಯಿಂದ ಗಿಳಿಮರಿಯನ್ನು ಇಳಿಸಿ ತರುವ ಹುಡುಗರಿಗೆ ಇದನ್ನು ತಿಳಿಯಹೇಳುವುದು ಒಳ್ಳೆಯದು. ಈ ಲೇಖನದ ವಿಷಯವು ಬಡ್ಜಿಗೆ ಮಾತ್ರ ಸಂಬಂಧಿಸಿದ್ದು.

ಕಾಡಿನಲ್ಲಿಯೂ ಬಡ್ಜಿಯು ಮುಖ್ಯವಾಗಿ ಹುಲ್ಲಿನ ಬೀಜಗಳನ್ನೇ ತಿಂದು ಬದುಕುತ್ತದೆ. ಹಾಗಿರುವಲ್ಲಿ ಮನೆಯಲ್ಲಿ ನವಣೆಯೊಂದೇ ಏಕೆ ಸಾಲದು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಇದಕ್ಕೆ ಎರಡು ಉತ್ತರಗಳುಂಟು. ಮೊದಲನೆಯದಾಗಿ, ಅಲ್ಲಿ ಅದು ತಿನ್ನುವುದು ಒಂದು ಧಾನ್ಯವನ್ನಲ್ಲ. ನಾನಾ ಬಗೆಯ ಹುಲ್ಲು ಮತ್ತು ಗಿಡಗಳ ಬೀಜಗಳನ್ನು, ಒಣಗಿದವನ್ನೂ ಹಾಲುಗಟ್ಟಿದವನ್ನೂ ಕಾಲಕ್ಕೆ ತಕ್ಕಂತೆ ಆಯ್ದು ತಿನ್ನುತ್ತದೆ. ಎರಡನೆಯದಾಗಿ, ನೀರು ಮೇವುಗಳನ್ನರಸಿ ಗುಂಪುಗೂಡಿ ಬಹುದೂರ ಹಾರುವ ಹಕ್ಕಿಯದು. ತಿಂದುದು ಆ ದುಡಿಮೆಯಲ್ಲಿಯೇ ಕರಗಿಹೋಗುತ್ತದೆ. ಪಂಜರದ ಹಕ್ಕಿಯಾದರೋ ಅಡ್ಡಕೋಲಿನಿಂದ ಬಟ್ಟಲಿಗೆ, ಬಟ್ಟಲಿನಿಂದ ಅಡ್ಡಕೋಲಿಗೆ ಹೋಗಿಬಂದರೆ ಅದರ ದಿನದ ಪ್ರಯಾಣ ಮುಗಿಯಿತು.

ಒಣ ಕಾಳಿನಲ್ಲಿ ಇಲ್ಲದ್ದೇನೆಂಬುದನ್ನೂ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿದ ಆಹಾರದ ಕೋಷ್ಟಕಗಳಂತೆ 100 ಗ್ರಾಂ ನವಣೆಯಲ್ಲಿ ಸುಣ್ಣದ ಅಂಶವು ಸುಮಾರು 30 ಮಿಲಿಗ್ರಾಂ. ರಂಜಕವು ಸುಮಾರು 290 ಮಿಲಿಗ್ರಾಂ. ರಂಜಕವು ಹೀಗೆ ಮಿತಿಮೀರಿದಾಗ ಇರುವ ಅಲ್ಪ ಸುಣ್ಣವೂ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಅದೇ ತೂಕದ ನುಗ್ಗೆಸೊಪ್ಪಿನಲ್ಲಿ ಸುಣ್ಣದ ಅಂಶವು ಸುಮಾರು 440 ಮಿಲಿಗ್ರಾಂ ಇದ್ದು ರಂಜಕವು ಅದಕ್ಕಿಂತ ಬಹಳ ಕಡಮೆ. ಮೊಟ್ಟೆಯಿಡುವ ಹೆಣ್ಣು ಹಕ್ಕಿಗೆ ಸುಣ್ಣ ಸಾಲದೆ ಹೋದರೆ ಮೊಟ್ಟೆಯು ಒಳಗೆ ಸಿಕ್ಕಿಕೊಂಡು ಪ್ರಾಣಕ್ಕೆ ಅಪಾಯವಾಗುತ್ತದೆ. ಇನ್ನು ಜೀವಸತ್ತ್ವ 'ಎ'. ಒಣ ನವಣೆಯಲ್ಲಿ ಇದು ಇಲ್ಲವೆನ್ನುವಷ್ಟು ಕಡಮೆ. ಇದರ ಕೊರತೆಯಾದಾಗ ಬಾಯಿ, ಮೂಗು, ಶ್ವಾಸನಾಳಗಳ ಒಳಪೊರೆಯು ಒರಟಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಬಾಯಿಯೊಳಗೆ ಬಿಳಿಯ ಕಲೆಗಳೇಳುವುದು, ಮೂಗು ಸೋರುವುದು ಮುಂತಾದುವು ಇದರ ಚಿಹ್ನೆಗಳು. ಅಯೋಡಿನ್ ಸಾಲದಿದ್ದರೆ ಬಡ್ಜಿಗೂ ಮನುಷ್ಯರಂತೆಯೇ ಗಳಗಂಡ ಬರುತ್ತದೆ. ಆದರೆ ಊದಿದ ಗ್ರಂಥಿಯು ಹೊರಗೆ ಕಾಣದೆ ಒಳಗಿನಿಂದಲೇ ಶ್ವಾಸನಾಳವನ್ನು ಒತ್ತುವುದರಿಂದ, ಉಸಿರಿನೊಡನೆ ಕೀಚಲು ಶಬ್ದ ಕೇಳಿಬರುತ್ತದೆ. ಇವುಗಳ ಜೊತೆಗೆ ಕೊಬ್ಬಿನ ಕಾಟ ಬೇರೆ. ಸೂರ್ಯಕಾಂತಿ ಬೀಜದಂಥ ಎಣ್ಣೆಕಾಳುಗಳನ್ನು ಪ್ರೀತಿಯಿಂದ ಹಾಕುವ ಮನೆಗಳಲ್ಲಿ ಹಕ್ಕಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿ, ನೋಡುವುದಕ್ಕೆ ದುಂಡಗೆ ಚೆನ್ನಾಗಿರುವಾಗಲೇ ಅದು ಸಾಯುತ್ತದೆ. ಬಡ್ಜಿಯು ತನ್ನ ರೋಗವನ್ನು ಕೊನೆಯವರೆಗೂ ತೋರಗೊಡದ ಪ್ರಾಣಿಯಾದುದರಿಂದ 'ನಿನ್ನೆ ಚೆನ್ನಾಗಿಯೇ ಇತ್ತು' ಎಂಬ ಮಾತು ಪ್ರತಿ ಮನೆಯಲ್ಲಿಯೂ ಕೇಳಿಬರುತ್ತದೆ.

ಹಾಗಾದರೆ ಇಷ್ಟು ಅಗತ್ಯವಾದ ಸೊಪ್ಪನ್ನು ಹಕ್ಕಿಯು ಏಕೆ ಮುಟ್ಟದು? ಅಂಗಡಿಯಲ್ಲಿ ದೊರೆಯುವ ಬಡ್ಜಿಯು ಮೊಟ್ಟೆಯೊಡೆದಂದಿನಿಂದ ಕಾಳಿನ ಹೊರತು ಬೇರೇನನ್ನೂ ಕಂಡಿರುವುದಿಲ್ಲ. ಅದರ ತಾಯಿತಂದೆಗಳೂ ಕಂಡಿರುವುದಿಲ್ಲ. ಯಾವುದು ತಿನ್ನತಕ್ಕದ್ದು ಎಂಬುದನ್ನು ಈ ಜಾತಿಯು ಬಹುಮಟ್ಟಿಗೆ ಜೊತೆಗಾರರನ್ನು ನೋಡಿಯೇ ಕಲಿಯುತ್ತದೆ. 1965ರಲ್ಲಿ ಡಾಸನ್ ಮತ್ತು ಫಾಸ್ ಎಂಬ ಸಂಶೋಧಕರು ನಡೆಸಿದ ಪರೀಕ್ಷೆಯೊಂದು ಇಲ್ಲಿ ಉಲ್ಲೇಖಾರ್ಹವಾಗಿದೆ. ಕಾಳಿನ ಬಟ್ಟಲಿನ ಮುಚ್ಚಳವನ್ನು ಒಂದು ಬಡ್ಜಿಯು ಕೊಕ್ಕಿನಿಂದಲೂ ಮತ್ತೊಂದು ಕಾಲಿನಿಂದಲೂ ತೆಗೆಯುತ್ತಿರಲು, ಅವನ್ನು ನೋಡುತ್ತಿದ್ದ ಬೇರೆ ಬಡ್ಜಿಗಳು ತಮ್ಮ ಸರದಿ ಬಂದಾಗ ತಾವು ನೋಡಿದ್ದ ರೀತಿಯಲ್ಲಿಯೇ ಮುಚ್ಚಳವನ್ನು ತೆಗೆದವು. ಇಷ್ಟು ಸೂಕ್ಷ್ಮವಾಗಿ ನೋಡಿ ಕಲಿಯುವ ಹಕ್ಕಿಗೆ, ಯಾರೂ ತಿನ್ನುವುದನ್ನು ಕಾಣದ ಹಸುರು ವಸ್ತುವೊಂದು ಏಕಾಏಕಿ ಪಕ್ಕದಲ್ಲಿ ತೂಗಿದರೆ, ಅದು ಹಾವೋ ಹುಳುವೋ ಎಂಬ ಭಯವಾಗುವುದೇ ಸಹಜ.

ಕಲಿಸುವುದಕ್ಕೆ ಮೊದಲು ಒಂದು ಎಚ್ಚರಿಕೆಯನ್ನು ಮುಂದಿಡಬೇಕಾಗಿದೆ. 'ಕಾಳನ್ನು ತೆಗೆದುಬಿಟ್ಟರೆ ಹಸಿವಿಗೆ ತಾನಾಗಿಯೇ ಸೊಪ್ಪು ತಿನ್ನುತ್ತದೆ' ಎಂದು ಸಲಹೆ ಕೊಡುವವರಿದ್ದಾರೆ. ಎಮ್ಮೆ ಎತ್ತುಗಳ ವಿಷಯದಲ್ಲಿ ಈ ಉಪಾಯವು ಒಂದು ವೇಳೆ ನಡೆದೀತು. ಬಡ್ಜಿಯ ತೂಕವು ಮೂವತ್ತರಿಂದ ನಲವತ್ತು ಗ್ರಾಂ. ಅದರ ದೇಹದ ಕಾವು ಹೆಚ್ಚು, ಕೂಡಿಟ್ಟ ಶಕ್ತಿ ಕಡಮೆ. ಒಂದೆರಡು ದಿನ ಹೊಟ್ಟೆಗಿಲ್ಲದಿದ್ದರೆ ಸೊಪ್ಪನ್ನು ಕಲಿಯುವ ಬದಲು ಅದು ಸಾಯುತ್ತದೆ. ಆದುದರಿಂದ ನವಣೆಯನ್ನು ನಿಲ್ಲಿಸದೆಯೇ ಸೊಪ್ಪನ್ನು ಕಲಿಸಬೇಕು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳುವುದು ಲೇಸು. ಬಡ್ಜಿಯು ಕಾಳನ್ನು ಸುಲಿದು ತಿರುಳನ್ನು ತಿಂದು ಹೊಟ್ಟನ್ನು ಬಟ್ಟಲಿನಲ್ಲಿಯೇ ಉದುರಿಸುತ್ತದೆ. ದೂರದಿಂದ ನೋಡಿದವರಿಗೆ ಬಟ್ಟಲು ತುಂಬಿರುವಂತೆಯೇ ತೋರುತ್ತದೆ. ತುಂಬಿದ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳು ಒಂದೆರಡಲ್ಲ. ಪ್ರತಿದಿನ ಬೆಳಿಗ್ಗೆ ಬಟ್ಟಲಿನ ಮೇಲೆ ಮೆಲ್ಲಗೆ ಊದಿದರೆ ಹೊಟ್ಟು ಹಾರಿ, ಕಾಳೆಷ್ಟು ಉಳಿದಿದೆಯೆಂಬುದು ಗೊತ್ತಾಗುತ್ತದೆ. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯು ಮನೆಯಲ್ಲಿದ್ದರೆ ವಾರಕ್ಕೆರಡು ಬಾರಿ ಹಕ್ಕಿಯನ್ನು ತೂಗಿ ಬರೆದಿಡುವುದು ಉತ್ತಮ. ನಲವತ್ತು ಗ್ರಾಂ ಹಕ್ಕಿಯು ನಾಲ್ಕು ಗ್ರಾಂ ಇಳಿದರೆ ಅದು ಅರವತ್ತು ಕಿಲೋಗ್ರಾಂ ಮನುಷ್ಯನು ಆರು ಕಿಲೋಗ್ರಾಂ ಇಳಿದಂತೆ. ಆಗ ಕಲಿಸುವ ಕೆಲಸವನ್ನು ನಿಲ್ಲಿಸಿ ಮೊದಲಿನ ಮೇವನ್ನೇ ಧಾರಾಳವಾಗಿ ಕೊಟ್ಟು ಪಶುವೈದ್ಯರಿಗೆ ತೋರಿಸಬೇಕು.

ಮೊದಲನೆಯ ಹೆಜ್ಜೆಯು ಹಕ್ಕಿಗೆ ಗುರುತಿರುವ ವಸ್ತುವಿನಿಂದಲೇ ಆರಂಭವಾಗಬೇಕು. ಈ ವಿಷಯದಲ್ಲಿ ಪಟ್ಟಣದವರಿಗಿಲ್ಲದ ಅನುಕೂಲವು ಹೊಲವುಳ್ಳವರಿಗಿದೆ. ಹಾಲುಗಟ್ಟಿದ ನವಣೆಯ ತೆನೆಯನ್ನು ದಂಟಿನೊಡನೆ ಕೊಯ್ದು ಪಂಜರದಲ್ಲಿ ಕಟ್ಟಿದರೆ, ಆಕಾರವು ಪರಿಚಿತವಾದುದರಿಂದ ಹಕ್ಕಿಯು ಅದನ್ನು ಬೇಗನೆ ಮುಟ್ಟುತ್ತದೆ. ಬಾಯಿಗೆ ಮೊದಲ ಬಾರಿ ಹಸಿಯ ರುಚಿ ಹತ್ತುವುದು ಹೀಗೆ. ಸಜ್ಜೆ, ರಾಗಿ, ಸಾಮೆಗಳ ಎಳೆಯ ತೆನೆಗಳೂ ಆಗುತ್ತವೆ. ಹಸಿ ಮುಸುಕಿನ ಜೋಳದ ತೆನೆಯಿಂದ ಒಂದು ಬೆರಳಗಲದ ಬಿಲ್ಲೆಯನ್ನು ಕೊಯ್ದು ಇಟ್ಟರೆ ಅನೇಕ ಹಕ್ಕಿಗಳು ಅದನ್ನು ಬಹಳ ಇಷ್ಟಪಡುತ್ತವೆ. ತೆನೆಯ ಕಾಲವಲ್ಲದಿದ್ದರೆ ನವಣೆಯನ್ನೇ ಒಂದು ರಾತ್ರಿ ನೆನೆಯಿಟ್ಟು, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿಯ ಮೊಳಕೆಯ ತುದಿ ಕಾಣುತ್ತಲೇ ಚೆನ್ನಾಗಿ ತೊಳೆದು ಕೊಡಬಹುದು. ಹುಳಿವಾಸನೆ ಬಂದ ಮೊಳಕೆಯನ್ನು ಎಸೆದುಬಿಡಬೇಕು. ಇಲ್ಲಿ ಭೂಮಾಲಿಕರು ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ: ಬಿತ್ತನೆಗಾಗಿ ತಂದ ಬೀಜವನ್ನು ಎಂದಿಗೂ ಹಕ್ಕಿಗೆ ಹಾಕಬಾರದು. ಅದಕ್ಕೆ ವಿಷದ ಔಷಧಿಯನ್ನು ಲೇಪಿಸಿರುವುದುಂಟು. ಕೆಂಪು, ನೀಲಿ ಬಣ್ಣವಿದ್ದರಂತೂ ಸಂಶಯವೇ ಬೇಡ.

ಎರಡನೆಯ ಹೆಜ್ಜೆಯು ಸೊಪ್ಪಿನದು. ಹಕ್ಕಿಯ ಹಸಿವು ಬೆಳಗಿನ ಹೊತ್ತು ಹೆಚ್ಚಾಗಿರುವುದರಿಂದ, ಕಾಳಿನ ಬಟ್ಟಲನ್ನು ತುಂಬುವುದಕ್ಕೆ ಸ್ವಲ್ಪ ಮುಂಚೆ ಸೊಪ್ಪನ್ನು ಇಡುವುದು ಯುಕ್ತ. ಇಡುವ ಸ್ಥಳವೂ ಮುಖ್ಯವೇ. ಬಡ್ಜಿಗಳು ಎತ್ತರದ ಅಡ್ಡಕೋಲನ್ನೇ ಹೆಚ್ಚಾಗಿ ಬಯಸುವುದರಿಂದ, ಬಟ್ಟೆ ಒಣಗಹಾಕುವ ಕ್ಲಿಪ್ಪಿನಿಂದ ಸೊಪ್ಪಿನ ಕಟ್ಟನ್ನು ಆ ಕೋಲಿನ ಪಕ್ಕದಲ್ಲಿ ಸಿಕ್ಕಿಸಬೇಕು. ತೀರ ಬೆದರುವ ಹಕ್ಕಿಯಾದರೆ ಒಂದೆರಡು ದಿನ ಪಂಜರದ ಹೊರಗಡೆ ಕಾಣುವಂತೆ ಕಟ್ಟಿ, ಆಮೇಲೆ ಒಳಕ್ಕೆ ತರಬಹುದು. ಸೊಪ್ಪು ನೀರಿನಿಂದ ತೊಯ್ದಿರಲಿ. ಒದ್ದೆ ಎಲೆಗಳ ನಡುವೆ ಹೊರಳಾಡಿ ಮೈ ತೊಳೆದುಕೊಳ್ಳುವುದು ಬಡ್ಜಿಗಳಿಗೆ ಪ್ರಿಯವಾದ ಆಟ. ತಿನ್ನುವುದಕ್ಕೆ ಬಾರದ ಹಕ್ಕಿಯು ಸ್ನಾನಕ್ಕಾಗಿ ಬಂದು, ಕೊಕ್ಕಿಗೆ ತಗುಲಿದ ಎಲೆಯನ್ನು ಕಚ್ಚಿ ನೋಡುವುದುಂಟು. ಕಚ್ಚಿ ಚೂರುಮಾಡಿ ಕೆಳಗೆ ಉದುರಿಸಿದರೆ 'ಹಾಳುಮಾಡಿತು' ಎಂದು ಸಿಡುಕಬಾರದು. ಕಲಿಕೆಯು ಆ ಹಾಳುಮಾಡುವುದರಿಂದಲೇ ಆರಂಭವಾಗುತ್ತದೆ. ಗಜ್ಜರಿಯನ್ನು ನುಣ್ಣಗೆ ತುರಿದು ನವಣೆಯೊಡನೆ ಬೆರಸಿ ಅಗಲವಾದ ತಟ್ಟೆಯಲ್ಲಿ ಪಂಜರದ ತಳದಲ್ಲಿಡುವುದು ಇನ್ನೊಂದು ಉಪಾಯ. ನೆಲದ ಮೇಲೆ ಮೇಯುವುದು ಈ ಜಾತಿಯ ಸ್ವಭಾವವಾದುದರಿಂದ, ಒದ್ದೆ ತುರಿಗೆ ಅಂಟಿದ ಕಾಳನ್ನು ಆಯುವಾಗ ತುರಿಯೂ ಸ್ವಲ್ಪ ಬಾಯಿಗೆ ಹೋಗುತ್ತದೆ.

ಎಲ್ಲಕ್ಕಿಂತ ಬಲವಾದ ಉಪಾಯವು ಜೊತೆ. ಸೊಪ್ಪು ತಿನ್ನಬಲ್ಲ ಒಂದು ಬಡ್ಜಿಯ ಪಂಜರವನ್ನು ಪಕ್ಕದಲ್ಲಿ ತೂಗಹಾಕಿದರೆ, ತಿಂಗಳ ಪ್ರಯತ್ನಕ್ಕೆ ಬಗ್ಗದ ಹಕ್ಕಿಯು ಕೆಲವು ದಿನಗಳಲ್ಲಿಯೇ ಬಗ್ಗುವುದುಂಟು. ಹಾಗೆ ತಂದ ಹಕ್ಕಿಯನ್ನು ಒಂದೇ ಪಂಜರಕ್ಕೆ ಕೂಡಿಸುವುದಕ್ಕೆ ಮೊದಲು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ತಿಳಿದುಕೊಳ್ಳಬೇಕು. ಹೊಸ ಕೋಳಿಯನ್ನು ಮಂದೆಗೆ ಬಿಡುವಾಗ ಪಾಲಿಸುವ ನಿಯಮವೇ ಇದು. ಅಂಥ ಹಕ್ಕಿ ದೊರೆಯದ ಕಡೆ ಮನುಷ್ಯನೇ ಆ ಕೆಲಸವನ್ನು ಮಾಡಬೇಕು. ಮನೆಯ ಮಕ್ಕಳು ಪಂಜರದೆದುರು ಕುಳಿತು ಕೊತ್ತಂಬರಿಯ ಎಲೆಯನ್ನೋ ಸೌತೆಕಾಯಿಯ ಹೋಳನ್ನೋ ತಾವು ತಿನ್ನುತ್ತ, ಹಕ್ಕಿಯ ಕಡೆಗೂ ಒಂದನ್ನು ಚಾಚಿದರೆ, ಮನುಷ್ಯರಿಗೆ ಒಗ್ಗಿಕೊಂಡ ಬಡ್ಜಿಯು ಹತ್ತಿರ ಬಂದು ವಿಚಾರಿಸದೆ ಬಿಡದು. ದೊಡ್ಡವರಿಗೆ ಇದು ಹುಡುಗಾಟವಾಗಿ ಕಂಡರೂ ಕಂಡೀತು. ಆದರೆ ಹುಡುಗರಿಗಿಂತ ಚೆನ್ನಾಗಿ ಈ ಕೆಲಸವನ್ನು ಮಾಡುವವರು ಮನೆಯಲ್ಲಿ ಬೇರೆ ಯಾರೂ ಸಿಕ್ಕುವುದಿಲ್ಲ.

ಎಷ್ಟು ದಿನ ಹಿಡಿಯುವುದೆಂಬುದಕ್ಕೆ ಗೊತ್ತಾದ ಲೆಕ್ಕವಿಲ್ಲ. ಎಳೆಯ ಹಕ್ಕಿಯು ವಾರದೊಳಗೆ ಕಲಿತೀತು. ನಾಲ್ಕು ವರ್ಷ ನವಣೆಯನ್ನೇ ತಿಂದ ಹಕ್ಕಿಗೆ ತಿಂಗಳುಗಳೇ ಬೇಕಾದಾವು. ಒಂದೇ ಸೊಪ್ಪನ್ನು ಪ್ರತಿದಿನ ಅದೇ ಜಾಗದಲ್ಲಿ ಇಡುತ್ತ ಹೋಗುವುದು, ದಿನಕ್ಕೊಂದು ಬಗೆಯನ್ನು ಇಟ್ಟು ಬೆದರಿಸುವುದಕ್ಕಿಂತ ಮೇಲು. ಒಂದನ್ನು ತಿನ್ನಲಾರಂಭಿಸಿದ ಹಕ್ಕಿಗೆ ಎರಡನೆಯದನ್ನು ಕಲಿಸುವುದು ಸುಲಭ.

ಯಾವ ಸೊಪ್ಪು ತರಕಾರಿಗಳು ಯೋಗ್ಯವೆಂಬುದಕ್ಕೆ ಬಣ್ಣವೇ ಒಳ್ಳೆಯ ಗುರುತು. ಕಡು ಹಸುರು ಮತ್ತು ಕಿತ್ತಳೆ ಬಣ್ಣದವುಗಳಲ್ಲಿ, ದೇಹದೊಳಗೆ ಜೀವಸತ್ತ್ವ 'ಎ' ಆಗಿ ಮಾರ್ಪಡುವ ಕ್ಯಾರೊಟೀನ್ ಎಂಬ ವಸ್ತುವು ಹೆಚ್ಚಾಗಿರುತ್ತದೆ. ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯ, ಗಜ್ಜರಿ, ಸಿಹಿಗುಂಬಳ ಇವು ಉತ್ತಮವಾದುವು. ಪಾಲಕ್ ಮತ್ತು ಹರಿವೆಗಳಲ್ಲಿರುವ ಆಕ್ಸಲಿಕ್ ಆಮ್ಲವು ಸುಣ್ಣವನ್ನು ಕಟ್ಟಿಹಾಕುವುದರಿಂದ ಅವನ್ನು ಆಗಾಗ ಮಾತ್ರ ಕೊಡಬಹುದು. ಸೌತೆಕಾಯಿಯು ಬಹುಪಾಲು ನೀರೇ. ಬೇಸಗೆಗೆ ತಂಪು, ಪೋಷಣೆಗೆ ಅಲ್ಪ. ಹಣ್ಣಾದ ಮೆಣಸಿನಕಾಯಿಯನ್ನು ಕೊಡಬಹುದೆಂದರೆ ಅನೇಕರು ಬೆರಗಾಗಬಹುದು. ಆದರೆ ಮೆಣಸಿನ ಹೊಲಕ್ಕೆ ಗಿಳಿಗಳು ಬೀಳುವುದನ್ನು ರೈತರು ಕಂಡೇ ಇದ್ದಾರೆ. ಮೆಣಸಿನ ಖಾರವು ಹಕ್ಕಿಗಳ ನಾಲಿಗೆಗೆ ತಾಕುವುದಿಲ್ಲ. ಸೀಳಿ ಕೊಟ್ಟ ಕೆಂಪು ಹಣ್ಣಿನ ಬೀಜಗಳನ್ನು ಬಡ್ಜಿಯು ನವಣೆಯಂತೆಯೇ ಆಯ್ದು ತಿನ್ನುತ್ತದೆ. ಕೊಟ್ಟ ಮಕ್ಕಳು ಕೈತೊಳೆಯದೆ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಳ್ಳುವುದು ಹಿರಿಯರ ಕೆಲಸ.

ಕೊಡಬಾರದ ವಸ್ತುಗಳಲ್ಲಿ ಬೆಣ್ಣೆಹಣ್ಣನ್ನು ಮೊದಲು ಹೇಳಬೇಕು. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ಬೆಳೆಯುವ ಈ ಹಣ್ಣು ಮನುಷ್ಯರಿಗೆ ಪುಷ್ಟಿಕರವಾದರೂ ಬಡ್ಜಿಗೆ ವಿಷ. ಸ್ವಲ್ಪವೇ ತಿಂದರೂ ಹೃದಯ ಮತ್ತು ಶ್ವಾಸಕೋಶಗಳಿಗೆ ತೊಂದರೆಯಾಗಿ ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಈರುಳ್ಳಿ, ಬೆಳ್ಳುಳ್ಳಿ, ಕಾಫಿ, ಚಹಾ, ಚಾಕೊಲೇಟು, ಉಪ್ಪು ಹಾಕಿದ ತಿಂಡಿಗಳು, ಸೇಬಿನ ಬೀಜ ಇವೆಲ್ಲವೂ ವರ್ಜ್ಯ. ಔಷಧಿ ಹೊಡೆದ ಮಡಿಯ ಸೊಪ್ಪಂತೂ ಬೇಡವೇ ಬೇಡ. ಮನುಷ್ಯನಿಗೆ ತಿಳಿಯದಷ್ಟು ಉಳಿಕೆಯ ವಿಷವೂ ಮೂವತ್ತು ಗ್ರಾಂ ಹಕ್ಕಿಗೆ ಹೆಚ್ಚಾದೀತು. ಸಂತೆಯಿಂದ ತಂದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು ಕೊಡಬೇಕು. ಹಿತ್ತಲಿನ ಒಂದು ಮೂಲೆಯನ್ನು ಔಷಧಿಯಿಲ್ಲದೆ ಇದಕ್ಕಾಗಿ ಬಿಡುವುದಾದರೆ ಮನೆಯ ಅಡುಗೆಗೂ ಅದೇ ಆಗುತ್ತದೆ. ಸುಣ್ಣದ ಅಂಶಕ್ಕಾಗಿ, ಗ್ರಂಧಿಗೆ ಅಂಗಡಿಗಳಲ್ಲಿ ಸಮುದ್ರನೊರೆಯೆಂಬ ಹೆಸರಿನಿಂದ ದೊರೆಯುವ ಬಿಳಿಯ ಬಿಲ್ಲೆಯ ಒಂದು ತುಂಡನ್ನು ಪಂಜರಕ್ಕೆ ಕಟ್ಟಿದರೆ ಹಕ್ಕಿಯು ಬೇಕಾದಾಗ ಅದನ್ನು ಕೆರೆದು ತಿನ್ನುತ್ತದೆ.

ತಿನ್ನದೆ ಉಳಿದ ಸೊಪ್ಪನ್ನು ಬೇಸಗೆಯಲ್ಲಿ ಎರಡು ಮೂರು ಗಂಟೆಗಳೊಳಗೆ ತೆಗೆದುಬಿಡಬೇಕು. ಕೊಳೆತರೆ ಅದೇ ರೋಗಕ್ಕೆ ಮೂಲವಾಗುತ್ತದೆ. ಹಸಿಯದನ್ನು ತಿನ್ನಲಾರಂಭಿಸಿದ ಹಕ್ಕಿಯ ಹಿಕ್ಕೆಯು ಮೊದಲಿಗಿಂತ ನೀರಾಗಿ ಕಾಣುವುದು ಸಹಜ. ಹಿಕ್ಕೆಯ ನಡುವಿನ ಹಸುರು ಸುರುಳಿಯು ಗಟ್ಟಿಯಾಗಿದ್ದು ಸುತ್ತ ನೀರು ಮಾತ್ರ ಹೆಚ್ಚಿದ್ದರೆ ಗಾಬರಿಗೆ ಕಾರಣವಿಲ್ಲ. ಸುರುಳಿಯೇ ಕರಗಿ ಬಾಲದ ಬುಡಕ್ಕೆ ಮೆತ್ತಿಕೊಂಡು, ಹಕ್ಕಿಯು ಗರಿಯುಬ್ಬಿಸಿ ಕುಳಿತಿದ್ದರೆ ಅದು ಭೇದಿ.

ಜೊತೆ ಸಾಕಿ ಮರಿಮಾಡಿಸುವವರು ಈ ಅಭ್ಯಾಸವನ್ನು ಮರಿಗಳ ಕಾಲಕ್ಕೆ ಮೊದಲೇ ತಾಯಿತಂದೆಗಳಲ್ಲಿ ಬೇರೂರಿಸಿದರೆ ಮುಂದಿನ ಪೀಳಿಗೆಗೆ ಇಷ್ಟೆಲ್ಲ ಪ್ರಯಾಸವೇ ಬೇಕಾಗುವುದಿಲ್ಲ. ಬಡ್ಜಿಯ ಮರಿಯು ಸುಮಾರು ಐದನೆಯ ವಾರದಲ್ಲಿ ಗೂಡಿನಿಂದ ಹೊರಬರುತ್ತದೆ. ಆ ದಿನಗಳಲ್ಲಿ ಅಡ್ಡಕೋಲಿನ ಪಕ್ಕದಲ್ಲಿ ನುಗ್ಗೆಯ ಒಂದು ರೆಂಬೆಯಿದ್ದು, ತಾಯಿಯು ಅದರ ಎಲೆಯನ್ನು ಕಚ್ಚಿ ಎಳೆಯುತ್ತಿದ್ದರೆ, ನೆಟ್ಟಗೆ ಕೂರಲೂ ಬಾರದ ಮರಿಯು ಓಲಾಡುತ್ತ ಬಂದು ಅದೇ ರೆಂಬೆಯ ಇನ್ನೊಂದು ಎಲೆಗೆ ಕೊಕ್ಕಿಕ್ಕುತ್ತದೆ.